ಸಂಪಾದಕರ ಉತ್ತರ: ಮುಳುಗಡೆಯವರ ಊರಿಗೆ ಹೋಗುವಾಗ

ಸಾಗರದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಈಜಿಪ್ಟ್ ಪ್ರವಾಸದ ಲೇಖನ ಓದಿದೆ. 2027ರ ಫೆಬ್ರವರಿಯಲ್ಲಿ ನಾನು, ನಮ್ಮ ಯಜಮಾನರು, ಮಗಳು ಅಲ್ಲಿಗೆ ಹೊರಟಿದ್ದೇವೆ. 'ಯಾರನ್ನೂ ನಂಬಬೇಡಿ, ಹೇಳಿದ ಬೆಲೆಯ ಕಾಲುಭಾಗಕ್ಕೆ ಕೇಳಿ' ಅಂತ ನಿಮ್ಮ ಲೇಖನದಲ್ಲಿತ್ತು. ಓದಿ ಬೇಜಾರಾಯಿತು. ಇನ್ನೊಂದು ವಿಷಯ. ನಮ್ಮ ಅಪ್ಪನ ಮನೆ ಶರಾವತಿ ಮುಳುಗಡೆಯಲ್ಲಿ ಹೋಯಿತು. ಆ ಮನೆಯ ಒಂದೇ ಒಂದು ಫೋಟೊ ನಮ್ಮ ಹತ್ತಿರ ಇದೆ. ಟೂರ್‌ನವರ ಪಟ್ಟಿಯಲ್ಲಿ 'ನುಬಿಯನ್ ಹಳ್ಳಿ, ಒಂದು ಗಂಟೆ' ಎಂದಿದೆ. ಅವರೂ ಅಣೆಕಟ್ಟಿಗೆ ಊರು ಕಳೆದುಕೊಂಡವರಂತೆ. ಅಂಥವರ ಮನೆಗೆ ಹೋಗಿ ಫೋಟೊ ಹೊಡೆದುಕೊಂಡು ಬರುವುದು ಸರಿಯಾ? ನಾವು ಕೊಡುವ ದುಡ್ಡು ಅವರಿಗೆ ಸೇರುತ್ತದಾ? ನಾವು ಸಸ್ಯಾಹಾರಿಗಳು. ಬಟ್ಟೆ, ಊಟದ ಬಗ್ಗೆಯೂ ತಿಳಿಸಿ."

ನಮಸ್ಕಾರ.

ಮೊದಲು ಆ ಲೇಖನದ ಮಾತು. ಅದನ್ನು ಓದಿ ಅಚ್ಚಿಗೆ ಕಳಿಸಿದವನು ನಾನು. 'ಯಾರನ್ನೂ ನಂಬಬೇಡಿ' ಎಂಬ ಸಾಲನ್ನು ತೆಗೆಯಬೇಕಿತ್ತು, ತೆಗೆಯಲಿಲ್ಲ. ನಿಮ್ಮ ಪತ್ರ ಬಂದ ಮೇಲೆ ಮತ್ತೆ ಓದಿದೆ. ಅದು ತಪ್ಪು ಮಾತು. ಕ್ಷಮಿಸಿ.

ಈಗ ನುಬಿಯಾ, ಅಂದರೆ ಈಜಿಪ್ಟಿನ ದಕ್ಷಿಣದಿಂದ ಸುಡಾನ್‌ವರೆಗಿನ ನೈಲ್ ದಂಡೆಯ ಸೀಮೆ. ನೀವು ಕೇಳಿದ್ದು ನಿಜ. ಅಸ್ವಾನ್ ದೊಡ್ಡ ಅಣೆಕಟ್ಟಿನ ಕೆಲಸ 1960ರಲ್ಲಿ ಶುರುವಾಗಿ 1970ರಲ್ಲಿ ಮುಗಿಯಿತು. ನೀರು ಏರುವ ಮೊದಲು, 1963 ಮತ್ತು 1964ರಲ್ಲಿ, ಈಜಿಪ್ಟಿನ ಸುಮಾರು 50,000 ನುಬಿಯನ್ ಜನರನ್ನು ಎಬ್ಬಿಸಿ ಅಸ್ವಾನ್‌ನ ಉತ್ತರದ ಕೊಮ್ ಒಂಬೋ ಕಡೆ ಸಾಗಿಸಿದರು. ಆಚೆ ಸುಡಾನ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಜನ ಊರು ಬಿಟ್ಟರು. ಲಿಂಗನಮಕ್ಕಿ ಮುಗಿದದ್ದೂ 1964ರಲ್ಲೇ. ನಿಮ್ಮ ಅಪ್ಪ ಸಾಮಾನು ಕಟ್ಟಿದ ಕಾಲದಲ್ಲೇ ನೈಲ್ ದಂಡೆಯಲ್ಲೂ ಜನ ಸಾಮಾನು ಕಟ್ಟುತ್ತಿದ್ದರು. ಹೊಳೆ ಪಕ್ಕದ ಅಂಗಳದ ಮನೆ, ಖರ್ಜೂರದ ಮರ, ಹಿರಿಯರ ಗೋರಿ ಎಲ್ಲ ಬಿಟ್ಟು ಹೋದವರಿಗೆ ಸಿಕ್ಕಿದ್ದು ನೈಲ್‌ನಿಂದ ದೂರದಲ್ಲಿ ಸಾಲಾಗಿ ಕಟ್ಟಿದ ಮನೆಗಳು. ಆ ವಲಸೆಗೆ ಅವರು ಇವತ್ತಿಗೂ 'ತಹಜೀರ್' ಅನ್ನುತ್ತಾರೆ. ನಿಮ್ಮ ಕಡೆ 'ಮುಳುಗಡೆ' ಅಂದರೆ ಸಾಕು, ಬೇರೆ ವಿವರಣೆ ಬೇಡ, ಅಲ್ವಾ? ಅಲ್ಲಿ ಈ ಮಾತೂ ಹಾಗೆಯೇ.

ಅದೇ ಹೊತ್ತಿಗೆ ಅಬು ಸಿಂಬೆಲ್ ದೇವಾಲಯವನ್ನು ಉಳಿಸಲು ಯುನೆಸ್ಕೊ ಜಗತ್ತಿನಿಂದ ದುಡ್ಡು ಸೇರಿಸಿತು. 1964ರಿಂದ 1968ರವರೆಗೆ ಕಲ್ಲನ್ನು ತುಂಡು ತುಂಡಾಗಿ ಕೊಯ್ದು ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ದೊಡ್ಡ ಕೆಲಸ, ಖಂಡಿತ ನೋಡಿ. ಆದರೆ ಆ ಕಥೆಯನ್ನು ಗೈಡ್ ಅರ್ಧ ಗಂಟೆ ಹೇಳಿದರೆ ಜನರ ಕಥೆಯನ್ನು ಅರ್ಧ ನಿಮಿಷವೂ ಹೇಳುವುದಿಲ್ಲ. ಅದಕ್ಕೇ ಅಸ್ವಾನ್‌ನ ನುಬಿಯಾ ಮ್ಯೂಸಿಯಂಗೆ ಮೊದಲೇ ಹೋಗಿ ಬನ್ನಿ. 1997ರಲ್ಲಿ ತೆರೆದದ್ದು. ಅದನ್ನು ನೋಡಿ ಹಳ್ಳಿಗೆ ಹೋದರೆ ಬಣ್ಣದ ಗೋಡೆಗಳು ಬೇರೆಯೇ ಕಾಣುತ್ತವೆ.

ಹಳ್ಳಿಗೆ ಹೋಗಬೇಕಾ ಅಂತ ಕೇಳಿದ್ದೀರಿ. ಹೋಗಿ. ಆದರೆ ಒಂದು ಗಂಟೆಗಲ್ಲ, ಒಂದು ರಾತ್ರಿಗೆ.

ನಾನು ಒಮ್ಮೆ ಆ 'ಒಂದು ಗಂಟೆ'ಯ ಗುಂಪಿನಲ್ಲಿ ಹೋಗಿದ್ದೆ. ಘರ್ಬ್ ಸುಹೈಲ್ ಎಂಬ ಊರು. ದೊಡ್ಡ ಅಣೆಕಟ್ಟಿಗಿಂತ ಮೊದಲೇ ಅಲ್ಲಿದ್ದ ಹಳೆಯ ಅಣೆಕಟ್ಟಿನ ಕೆಳಗಿರುವುದರಿಂದ ಅದು ಮುಳುಗಲಿಲ್ಲ. ದೋಣಿ ಇಳಿದೆವು. ಯಾವುದೋ ಮನೆಗೆ ನುಗ್ಗಿದೆವು. ತೊಟ್ಟಿಯಲ್ಲಿದ್ದ ಮೊಸಳೆ ಮರಿಯನ್ನು ಬಾಯಿ ಕಟ್ಟಿ ಎಲ್ಲರ ಕೈಗೂ ಕೊಟ್ಟರು. ಟೀ ಕುಡಿದು ಹೊರಟೆವು. ಬಾಗಿಲಲ್ಲಿ ಕೂತಿದ್ದ ಒಬ್ಬ ಅಜ್ಜಿಯ ಫೋಟೊವನ್ನು ನಾನು ಕೇಳದೆ ತೆಗೆದೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ನಮ್ಮ ಮನೆ ಜಗಲಿಯಲ್ಲಿ ಕೂತ ನಮ್ಮಜ್ಜಿಗೆ ಯಾರಾದರೂ ಹಾಗೆ ಮಾಡಿದ್ದರೆ ನಾನು ಸುಮ್ನೆ ಇರುತ್ತಿದ್ದೆನಾ? ಆ ಫೋಟೊ ಅಳಿಸಿದೆ. ಆದರೆ ಅವರು ತಿರುಗಿದ್ದು ಈಗಲೂ ಕಣ್ಣ ಮುಂದಿದೆ.

ಆ ಮನೆಬಾಗಿಲ ಕಟ್ಟೆಗೆ ಅಲ್ಲಿ 'ಮಸ್ತಬಾ' ಅನ್ನುತ್ತಾರೆ. ನಮ್ಮ ಜಗಲಿಯ ಹಾಗೆಯೇ, ಸಂಜೆ ಎಲ್ಲರೂ ಕೂರುವ ಜಾಗ. ಒಂದು ರಾತ್ರಿ ಉಳಿದರೆ ನಿಮ್ಮನ್ನೂ ಅಲ್ಲಿ ಕೂರಿಸುತ್ತಾರೆ. ಊರಿನವರೇ ನಡೆಸುವ ಅತಿಥಿಗೃಹಗಳು ಘರ್ಬ್ ಸುಹೈಲ್‌ನಲ್ಲಿವೆ, ಅಸ್ವಾನ್ ಪಟ್ಟಣದ ಎದುರಿಗಿನ ಎಲಿಫೆಂಟೈನ್ ದ್ವೀಪದಲ್ಲೂ ಇವೆ. ದ್ವೀಪಕ್ಕೆ ಊರಿನವರು ಓಡಾಡುವ ದೋಣಿಯಲ್ಲೇ ಹೋಗಬಹುದು. ಅದರಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂರುವ ರೂಢಿ. ನೀವೂ ಹಾಗೇ ಕೂತುಬಿಡಿ. ಅವರ ಮನೆಮಾತು ಅರಬ್ಬಿ ಅಲ್ಲ, ನುಬಿಯನ್. ನಮಸ್ಕಾರಕ್ಕೆ ಏನಂತಾರೆ ಅಂತ ಅವರನ್ನೇ ಕೇಳಿ ಕಲಿಯಿರಿ. ಮಗಳಿಗೆ ಮೊಸಳೆ ಹಿಡಿಯುವ ಆಸೆ ಇದ್ದರೆ ದಯವಿಟ್ಟು ಬೇಡ ಅನ್ನಿ. ಅದಕ್ಕೆ ಕೊಡುವ ದುಡ್ಡನ್ನು ಮನೆಯೊಡತಿ ಹೆಣೆದ ಬುಟ್ಟಿಗೆ ಕೊಡಿ.

ದುಡ್ಡು ಯಾರಿಗೆ ಸೇರುತ್ತದೆ ಎಂಬ ನಿಮ್ಮ ಪ್ರಶ್ನೆಗೂ ನನ್ನ ಉತ್ತರ ಇದೇ. ಎಲ್ಲಿ ಮಲಗುತ್ತೀರಿ, ಎಲ್ಲಿ ಉಣ್ಣುತ್ತೀರಿ, ಅಲ್ಲಿ ಸೇರುತ್ತದೆ. ಲಕ್ಸರ್‌ನಿಂದ ಅಸ್ವಾನ್‌ಗೆ ಹೋಗುವ ದೊಡ್ಡ ಕ್ರೂಸ್ ಹಡಗಿನಲ್ಲಿ ಮೂರು ಹೊತ್ತಿನ ಊಟ, ಹಾಸಿಗೆ, ಅಂಗಡಿ ಎಲ್ಲ ಒಳಗೇ ಇರುತ್ತದೆ. ದಾರಿಯ ಊರುಗಳಿಗೆ ಉಳಿಯುವುದು ಬಹಳ ಕಮ್ಮಿ. ಎಸ್ನಾ ಹತ್ತಿರ ಹಡಗು ನಿಧಾನವಾದಾಗ ಸಣ್ಣ ದೋಣಿಯ ವ್ಯಾಪಾರಿಗಳು ಪಕ್ಕಕ್ಕೆ ಬಂದು, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಲಿನ ಡೆಕ್ಕಿಗೆ ಎಸೆಯುತ್ತಾರೆ. ಜನ ಅದನ್ನು ನೋಡಿ ನಗುತ್ತಾರೆ, ವಿಡಿಯೊ ಮಾಡುತ್ತಾರೆ. ಆದರೆ ಹಡಗಿನೊಳಗಿನ ಗಿರಾಕಿಯನ್ನು ಮುಟ್ಟಲು ಅವರಿಗಿರುವ ದಾರಿ ಅದೊಂದೇ.

ಎಸ್ನಾದಲ್ಲಿ ಇಳಿಯಲು ಸಾಧ್ಯವಾದರೆ ಇಳಿಯಿರಿ. ಅಲ್ಲಿನ ಖ್ನುಮ್ ದೇವಾಲಯ ಈಗಿನ ರಸ್ತೆಗಿಂತ ಸುಮಾರು 9 ಮೀಟರ್ ಕೆಳಗಿದೆ. 2018ರಿಂದ ನಡೆದ ಕೆಲಸದಲ್ಲಿ ಅದರ ಛಾವಣಿಯ ಮಸಿ ತೆಗೆದು ಹಳೆಯ ಬಣ್ಣ ಹೊರತಂದಿದ್ದಾರೆ. ಜನ ಅದನ್ನು ನೋಡಿ ನೇರ ಹಡಗಿಗೆ ವಾಪಸ್ ಬರುತ್ತಾರೆ. ಊರು ಇರುವುದೇ ಮೇಲೆ, ದೇವಾಲಯದ ಸುತ್ತ. ತಕ್ವೀನ್ ಎಂಬ ಸಂಸ್ಥೆ ಊರಿನವರ ಜೊತೆ ಸೇರಿ ಅಲ್ಲಿನ ಹಳೆಯ ಪೇಟೆ, ವ್ಯಾಪಾರಿಗಳ ಛತ್ರ, ಬೀದಿಗಳನ್ನು ರಿಪೇರಿ ಮಾಡಿಸಿತು. ಆ ಕೆಲಸಕ್ಕೆ 2025ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ನೀವು ಪೇಟೆಯಲ್ಲಿ ನಡೆದು ಒಂದು ಟೀ ಕುಡಿದರೂ ಅದು ಆ ಊರಿಗೆ ಸೇರುತ್ತದೆ. ಅಲ್ಲಿ ಲೆಟ್ಯೂಸ್ ಬೀಜದಿಂದ ಎಣ್ಣೆ ತೆಗೆಯುವ ಹಳೆಯ ಗಾಣವೂ ಇದೆ. ಗಾಣ ಕಂಡು ಬೆಳೆದ ನಮ್ಮವರಿಗೆ ಇಷ್ಟವಾಗುತ್ತದೆ.

ಚೌಕಾಸಿ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಅಲ್ಲಿ ಅದೂ ಒಂದು ಮಾತುಕತೆ. ಆದರೆ 2024ರ ಮಾರ್ಚ್‌ನಲ್ಲಿ ಈಜಿಪ್ಟಿನ ಪೌಂಡ್ ಒಂದೇ ದಿನ ಕುಸಿಯಿತು. ಡಾಲರಿಗೆ 31 ಇದ್ದದ್ದು 50ರ ಹತ್ತಿರ ಹೋಯಿತು. ನಮಗೆ ಸಾಮಾನು ಅಗ್ಗವಾಯಿತು, ಅವರಿಗೆ ಬದುಕು ದುಬಾರಿಯಾಯಿತು. ಹತ್ತು ಪೌಂಡ್ ಅಂದರೆ ನಮಗೆ ಇಪ್ಪತ್ತು ರೂಪಾಯಿಯೊಳಗೆ. ಅಷ್ಟಕ್ಕೆ ಹಟ ಹಿಡಿದು ಗೆದ್ದು ಏನು ಮಾಡುವುದು? ಎರಡು ಮೂರು ಅಂಗಡಿ ವಿಚಾರಿಸಿ, ಸರಿ ಅನ್ನಿಸಿದ ಬೆಲೆ ಕೊಡಿ. ಬೇಡವಾದರೆ ನಗುತ್ತಾ 'ಲಾ, ಶುಕ್ರನ್' ಅನ್ನಿ, ಅಂದರೆ 'ಬೇಡ, ಧನ್ಯವಾದ'.

ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆಯ ವಿಷಯದಲ್ಲಿ ಮಾತ್ರ ಹುಷಾರು. ಬೀದಿಯಲ್ಲಿ ಪಪೈರಸ್ ಅಂತ ಮಾರುವುದರಲ್ಲಿ ಬಹಳಷ್ಟು ಬಾಳೆಯದು. ಗೈಡ್ ಕರೆದೊಯ್ಯುವ 'ಪಪೈರಸ್ ಇನ್‌ಸ್ಟಿಟ್ಯೂಟ್'ಗಳಲ್ಲಿ ಗೈಡಿಗೂ ಕಮಿಷನ್ ಇರುತ್ತದೆ. ಅಂಥ ಅಂಗಡಿ ಬೇಡ ಅಂತ ಮೊದಲೇ ಹೇಳಿ, ಅದರ ಬದಲು ಗೈಡಿಗೆ ಒಳ್ಳೆಯ ಟಿಪ್ಸ್ ಕೊಡಿ. ಕೆಲಸ ಮಾಡುವವರ ಕೈಯಿಂದಲೇ ಕೊಳ್ಳುವ ಜಾಗಗಳೂ ಇವೆ. ಕೈರೊದಲ್ಲಿ ಬಾಬ್ ಜುವೈಲಾ ಎಂಬ ಹಳೆಯ ಹೆಬ್ಬಾಗಿಲ ಆಚೆ ಖಯಾಮಿಯಾ ಬೀದಿ ಇದೆ. ಅಲ್ಲಿ ಗಂಡಸರು ಅಂಗಡಿಯಲ್ಲೇ ಕೂತು ಬಣ್ಣದ ಬಟ್ಟೆಯ ತುಂಡುಗಳನ್ನು ಕೈಯಲ್ಲಿ ಹೊಲಿಯುತ್ತಾರೆ. ನಮ್ಮ ಉತ್ತರ ಕನ್ನಡದ ಕೌದಿ ಕಂಡವರಿಗೆ ಆ ಕೆಲಸದ ಬೆಲೆ ಹೇಳಿಕೊಡಬೇಕಾಗಿಲ್ಲ. ಇನ್ನು, ಹಳೆಯ ಕಾಲದ್ದು ಅಂತ ಯಾರಾದರೂ ಗುಟ್ಟಾಗಿ ಏನನ್ನೋ ತೋರಿಸಿದರೆ ಮುಟ್ಟಬೇಡಿ. 1983ರ ಕಾನೂನಿನ ಪ್ರಕಾರ ಪುರಾತನ ವಸ್ತುವನ್ನು ದೇಶದ ಹೊರಗೆ ಒಯ್ಯುವುದು ಅಪರಾಧ.

ಬಕ್ಷೀಸ್‌ಗೆ ಹತ್ತು, ಇಪ್ಪತ್ತು ಪೌಂಡಿನ ನೋಟು ಇಟ್ಟುಕೊಂಡಿರಿ. ನಮ್ಮ ನಾಣ್ಯ ಕೊಡಬೇಡಿ, ಅಲ್ಲಿ ಅದನ್ನು ಬ್ಯಾಂಕ್‌ನವರು ತೆಗೆದುಕೊಳ್ಳುವುದಿಲ್ಲ. ಗೋರಿಯೊಳಗೆ ಕಾವಲುಗಾರ ಹಗ್ಗ ಎತ್ತಿ 'ಬನ್ನಿ, ಮುಟ್ಟಿ' ಅಂದರೆ ಹೋಗಬೇಡಿ. ಅಸ್ವಾನ್‌ನಲ್ಲಿ ಮಕ್ಕಳು ಸಣ್ಣ ಹಲಗೆಯ ಮೇಲೆ ತೇಲುತ್ತಾ ಬಂದು ನಿಮ್ಮ ದೋಣಿ ಹಿಡಿದು ಹಾಡುತ್ತಾರೆ. ಕರುಳು ಚುರ್ ಅನ್ನುತ್ತದೆ. ಆದರೂ ದುಡ್ಡು ಕೊಡಬೇಡಿ ಅಂತಲೇ ನನ್ನ ಮಾತು. ಕೊಟ್ಟಷ್ಟೂ ಆ ಮಕ್ಕಳು ಶಾಲೆ ಬಿಟ್ಟು ನೀರಿಗಿಳಿಯುತ್ತವೆ.

ಊಟಕ್ಕೆ ಹೆದರಬೇಡಿ. ನಮ್ಮ ಕೆಲವು ಟೂರ್‌ಗಳು ಅಡುಗೆಯವರನ್ನೇ ಕರೆದೊಯ್ಯುತ್ತವೆ. ನಿಮಗೆ ಅದರ ಅಗತ್ಯವೇ ಇಲ್ಲ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಮಾಂಸ, ಹಾಲು, ಮೊಟ್ಟೆ ಬಿಟ್ಟು ವ್ರತ ಮಾಡುತ್ತಾರೆ. ಆ ಅಡುಗೆಗೆ 'ಸಿಯಾಮಿ' ಎಂದು ಹೆಸರು. ಹೋಟೆಲಿನಲ್ಲಿ 'ಸಿಯಾಮಿ' ಅನ್ನಿ. ಕೆಲವು ವ್ರತದಲ್ಲಿ ಮೀನು ನಡೆಯುತ್ತದೆ, ಹಾಗಾಗಿ ಮೀನೂ ಬೇಡ ಅಂತ ಸೇರಿಸಿ. ಬೆಳಿಗ್ಗೆ ಫೂಲ್ (ಬೇಯಿಸಿದ ಅವರೆಯಂಥ ಕಾಳು) ಮತ್ತು ತಾಮಿಯಾ (ಅದೇ ಕಾಳಿನ ವಡೆ), ಮಧ್ಯಾಹ್ನ ಕೊಶರಿ. ಅನ್ನ, ಬೇಳೆ, ಮೆಕರೋನಿ, ಹುರಿದ ಈರುಳ್ಳಿ ಸೇರಿದ ಕೊಶರಿಯನ್ನು ನಮ್ಮ ಖಿಚಡಿಯ ನೆಂಟ ಅಂತ ಹಲವರು ಹೇಳುತ್ತಾರೆ. ಮುಲುಖಿಯಾ ಸೊಪ್ಪಿನ ಸಾರನ್ನು ಮಾತ್ರ ಸಾಮಾನ್ಯವಾಗಿ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ, ಕೇಳಿ ತಿನ್ನಿ. ಅಸ್ವಾನ್‌ನಲ್ಲಿ ಕೊಡುವ ಕೆಂಪು 'ಕರ್ಕಡೆ' ಪಾನಕ ನಮ್ಮ ಕೆಂಪು ಪುಂಡಿಯದೇ.

ಬಟ್ಟೆಗೆ ನೀವು ಹೊಸದೇನೂ ಕೊಳ್ಳಬೇಕಿಲ್ಲ. ಚೂಡಿದಾರ್, ದುಪಟ್ಟಾ ಸಾಕು. ಮಸೀದಿಯೊಳಗೆ ದುಪಟ್ಟಾ ತಲೆಗೆ, ಚಪ್ಪಲಿ ಹೊರಗೆ. ಯಜಮಾನರಿಗೆ ಚಡ್ಡಿ ಬೇಡ.

ರಂಜಾನ್ ಬಗ್ಗೆ ನಿಮ್ಮ ಟೂರ್‌ನವರು ಹೇಳಿದರೋ ಇಲ್ಲವೋ. 2027ರಲ್ಲಿ ಅದು ಫೆಬ್ರವರಿ 8ರ ಸುಮಾರಿಗೆ ಶುರುವಾಗುತ್ತದೆ. ದಿನಾಂಕ ಬದಲಾಯಿಸಬೇಡಿ. ಹಗಲು ಬೀದಿಯಲ್ಲಿ ತಿನ್ನುತ್ತಾ, ನೀರು ಕುಡಿಯುತ್ತಾ ಓಡಾಡದಿದ್ದರೆ ಸಾಕು. ಮ್ಯೂಸಿಯಂಗಳು ಬೇಗ ಮುಚ್ಚಬಹುದು. ಸೂರ್ಯ ಮುಳುಗುವ ಹೊತ್ತಿಗೆ ಬೀದಿಯಲ್ಲೇ ಮೇಜು ಹಾಕಿ ಬಂದವರಿಗೆಲ್ಲ ಊಟ ಹಾಕುತ್ತಾರೆ. ಯಾರಾದರೂ ನಿಮ್ಮ ಕೈಗೆ ಖರ್ಜೂರ ಇಟ್ಟರೆ ಬಲಗೈಯಲ್ಲಿ ತೆಗೆದುಕೊಳ್ಳಿ. ಅದಕ್ಕೆ ದುಡ್ಡು ಕೊಡಲು ಹೋಗಬೇಡಿ, ಅವರಿಗೆ ನೋವಾಗುತ್ತದೆ.

ಅಸ್ವಾನ್‌ನಲ್ಲಿ ಒಂದು ರಾತ್ರಿ ಜಾಸ್ತಿ ಬೇಕು ಅಂತ ಟೂರ್‌ನವರಿಗೆ ಇವತ್ತೇ ಫೋನ್ ಮಾಡಿ. ಟಿಕೆಟ್ ಆದ ಮೇಲೆ ಬದಲಾಯಿಸುವುದು ಕಷ್ಟ. ಮತ್ತೆ, ಅಪ್ಪನ ಮನೆಯ ಆ ಫೋಟೊಕ್ಕೆ ಒಂದು ಪ್ರತಿ ಮಾಡಿಸಿ ಚೀಲದಲ್ಲಿ ಇಟ್ಟುಕೊಳ್ಳಿ. ಸಂಜೆ ಮಸ್ತಬಾ ಮೇಲೆ ಕೂತಾಗ ಮನೆಯವರಿಗೆ ತೋರಿಸಿ, 'ತಹಜೀರ್' ಅನ್ನಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ.

- ಸಂಪಾದಕ