ಸಾಸ್ಕ್ವಾಚ್ ನೋಡಿದೆ ಅಂದವರನ್ನು ಏನು ಕೇಳಬೇಕು?

ಸಾಸ್ಕ್ವಾಚ್ ಅಂದರೆ ಉತ್ತರ ಅಮೆರಿಕದ ಕಾಡುಗಳಲ್ಲಿದೆ ಅಂತ ಕೆಲವರು ನಂಬುವ, ಮೈತುಂಬ ಕೂದಲಿನ, ಎರಡು ಕಾಲಲ್ಲಿ ನಡೆಯುವ ದೈತ್ಯ ಜೀವಿ. ಅಮೆರಿಕದ ಸಿಯಾಟಲ್ ಕಡೆಯ ಕಾಡಲ್ಲಿ ನಿಮ್ಮ ಭಾವನಿಗೆ ಎರಡು ಕಾಲಲ್ಲಿ ನಡೆಯುವ ಕಪ್ಪು ಆಕೃತಿ ಕಂಡಿದೆ, ಮೊಬೈಲಲ್ಲಿ ಮಸುಕು ಫೋಟೋ ಇದೆ, "ಅವರು ಸುಳ್ಳು ಹೇಳೋರಲ್ಲ, ನಂಬಬಹುದಾ?" ಅಂತ ಕೇಳಿದ್ದೀರಿ. ಈ ವಿಷಯದ ಹುಚ್ಚು ಹಿಡಿದ ಹೊಸದರಲ್ಲಿ ನಾನೂ ಕೇಳುತ್ತಿದ್ದದ್ದು ಇದನ್ನೇ. ಆದರೆ ಪ್ರಶ್ನೆಯೇ ಸರಿಯಿಲ್ಲ. ಹಿಂಗಾಲ ಮೇಲೆ ನಿಂತ ಕರಡಿ ಸತ್ಯವಂತರ ಕಣ್ಣಿಗೂ ಮೋಸ ಮಾಡುತ್ತದೆ. ಅಲ್ಲಿ ಏನೇನು ಅಳೆದರು, ಅದನ್ನು ಕೇಳಿ.

1967ರ ಅಕ್ಟೋಬರ್ 20ರಂದು ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್‌ನಲ್ಲಿ ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ತೆಗೆದ ಫಿಲ್ಮ್ ನೋಡಿರುತ್ತೀರಿ. ಹಳ್ಳದ ದಂಡೆಯಲ್ಲಿ ನಡೆದು ಹೋಗುತ್ತಾ ಆ ಜೀವಿ ಒಮ್ಮೆ ತಿರುಗಿ ನೋಡುತ್ತದಲ್ಲ, ಅದೇ. ಅದು ಸಾಸ್ಕ್ವಾಚೋ ವೇಷ ಹಾಕಿದ ಮನುಷ್ಯನೋ ಅನ್ನುವ, ಇವತ್ತಿಗೂ ಇತ್ಯರ್ಥವಾಗದ ಜಗಳದ ಬುಡದಲ್ಲಿ ಇರುವುದು ಕ್ಯಾಮೆರಾದ ಒಂದು ಡಯಲ್. ಪ್ಯಾಟರ್ಸನ್ ಕೈಲಿದ್ದ ಕೊಡಾಕ್ ಕೆ-100 ಕ್ಯಾಮೆರಾದಲ್ಲಿ ಸೆಕೆಂಡಿಗೆ 16, 24, 32, 48, 64 ಫ್ರೇಮ್ ಅಂತ ಗುರುತುಗಳಿದ್ದವು. ಡಯಲ್ ಗುರುತಿಗೆ ಬಂದಾಗ ಟಕ್ಕಂತ ಕೂರುತ್ತಿರಲಿಲ್ಲ, ನಡುವೆ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಸಾಮಾನ್ಯವಾಗಿ 24ರಲ್ಲಿ ತೆಗೆಯುತ್ತಿದ್ದ ಪ್ಯಾಟರ್ಸನ್, ಆ ಗಡಿಬಿಡಿಯಲ್ಲಿ ಅದು ಎಲ್ಲಿದೆ ಅಂತ ನೋಡಲಿಲ್ಲ.

ಇಷ್ಟೇ ತಾನೇ ಅನ್ನಬೇಡಿ. ಇರುವುದು 954 ಫ್ರೇಮ್. ಸೆಕೆಂಡಿಗೆ 16 ಅಂದರೆ ಸುಮಾರು 60 ಸೆಕೆಂಡಿನ ನಡಿಗೆ, 24 ಅಂದರೆ 40 ಸೆಕೆಂಡಿನದು. ಪ್ರತಿ ಹೆಜ್ಜೆ ಹಿಡಿಯುವ ಸಮಯದಲ್ಲಿ ಒಂದೂವರೆ ಪಟ್ಟು ವ್ಯತ್ಯಾಸ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ವೈದ್ಯಕೀಯ ಶಾಲೆಯ ಡೊನಾಲ್ಡ್ ಗ್ರೀವ್ ನಡಿಗೆಯನ್ನು ಪರೀಕ್ಷಿಸಿ ಹೇಳಿದ್ದೂ ಅದನ್ನೇ: 24 ಆಗಿದ್ದರೆ ಇದು ಮನುಷ್ಯನ ನಡಿಗೆ ಆಗಿರಬಹುದು, 16 ಅಥವಾ 18 ಆಗಿದ್ದರೆ ಹೊಂದುವುದಿಲ್ಲ. ಯಾವ ಪ್ರಾಣಿ ಅನ್ನುವ ತೀರ್ಮಾನ ಡಯಲ್ ಮೇಲೆ ನಿಂತುಬಿಟ್ಟಿತು. ಡಯಲ್ ಅವತ್ತು ಎಲ್ಲಿತ್ತು ಅನ್ನುವುದನ್ನು ಆಮೇಲೆ ಎಷ್ಟು ದೊಡ್ಡ ತಜ್ಞ ಬಂದರೂ ವಾಪಸ್ ತರಲಾಗಲಿಲ್ಲ.

ಹಾಗಾಗಿ ಭಾವನಿಂದ ಮೊದಲು ಮೂಲ ಫೈಲ್ ತರಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಸಮಯ, ಲೆನ್ಸ್, ಝೂಮ್ ಮಾಹಿತಿ ಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಆಮೇಲೆ ಅದೇ ಜಾಗಕ್ಕೆ ಹೋಗಿ, ಆಕೃತಿ ಇದ್ದಲ್ಲೇ ಎತ್ತರ ಗೊತ್ತಿರುವ ಒಬ್ಬರನ್ನು ನಿಲ್ಲಿಸಿ, ಅದೇ ಫೋನು, ಅದೇ ಝೂಮ್‌ನಲ್ಲಿ ತೆಗೆಯಿರಿ. 1.75 ಮೀಟರ್‌ನವರು 70 ಪಿಕ್ಸೆಲ್ ಬಂದು ಆಕೃತಿ 84 ಇದ್ದರೆ ಎತ್ತರ 2.1 ಮೀಟರ್. ಹಿಗ್ಗಬೇಡಿ: ಅದು ನಿಂತಿದ್ದು ನೀವಂದುಕೊಂಡದ್ದಕ್ಕಿಂತ ಹತ್ತರಲ್ಲೊಂದು ಪಾಲು ಹತ್ತಿರ ಅಂದರೆ 1.9ಕ್ಕೆ ಇಳಿಯಿತು. ಅದು ಎತ್ತರದ ಮನುಷ್ಯನೂ ಆಗಬಹುದು, ಎದ್ದು ನಿಂತ ಕಪ್ಪು ಕರಡಿಯೂ ಆಗಬಹುದು. ಮರ, ಬಂಡೆಯಂಥ ಗುರುತಿಲ್ಲದೆ ಜಾಗ ಹಿಡಿಯಲಾಗದಿದ್ದರೆ ಫೋಟೋ ಬದಿಗಿಡಿ.

ಎರಡು ಕಾಲಲ್ಲಿ ಕರಡಿ ನಾಲ್ಕು ಹೆಜ್ಜೆ ನಡೆದು ಕೂರುತ್ತದೆ, ಹಾಗಾಗಿ ದೂರ ನಡೆದದ್ದು ಕರಡಿಯಲ್ಲ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ನ್ಯೂಜೆರ್ಸಿಯಲ್ಲಿ ಮುಂಗಾಲಿಗೆ ಪೆಟ್ಟಾಗಿದ್ದ ಒಂದು ಕರಡಿ ಮನೆಗಳ ನಡುವೆಯೇ ಎರಡು ಕಾಲಲ್ಲಿ ಓಡಾಡಿಕೊಂಡಿತ್ತು. 2014ರಿಂದ ಜನ ಅದರ ವಿಡಿಯೋ ಮಾಡಿದರು, 'ಪೆಡಲ್ಸ್' ಅಂತ ಹೆಸರೂ ಇಟ್ಟರು. 2024ರಲ್ಲಿ ಪ್ರಕಟವಾದ ಲೆಕ್ಕವೊಂದರ ಪ್ರಕಾರ, ಸಾವಿರ ಕಪ್ಪು ಕರಡಿ ಹೆಚ್ಚಾದಲ್ಲಿ ಸಾಸ್ಕ್ವಾಚ್ ವರದಿ ಸುಮಾರು 4% ಹೆಚ್ಚು.

ಹೆಜ್ಜೆ ಗುರುತಿದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರ ಮೇಲಿಂದ ತೆಗೆಯಬೇಕು. ಒಂದಲ್ಲ, ಸಾಲಾಗಿ ಎಲ್ಲವನ್ನೂ. ಕರಡಿಯ ದೊಡ್ಡ ಬೆರಳು ಹೊರಬದಿಗೆ, ನಮ್ಮದು ಒಳಬದಿಗೆ. ಮುಂಗಾಲ ಗುರುತಿನ ಮೇಲೆ ಹಿಂಗಾಲು ಬಿದ್ದರೆ ಎರಡೂ ಸೇರಿ ಒಂದೇ ಉದ್ದದ ಪಾದದಂತೆ ಕಾಣುತ್ತದೆ. ಎಲ್ಲ ಗುರುತೂ ಅಚ್ಚೊತ್ತಿದಂತೆ ಒಂದೇ ಥರ ಇದ್ದರೆ ಮರದ ಪಾದ ಅಂತ ಸಂಶಯಪಡಿ, ನಿಜವಾದ ಕಾಲಿನ ಬೆರಳು ನೆಲಕ್ಕೆ ತಕ್ಕಂತೆ ಸರಿಯುತ್ತದೆ. ಅದೇ ಬ್ಲಫ್ ಕ್ರೀಕ್‌ನಲ್ಲಿ 1958ರಲ್ಲಿ ಸಿಕ್ಕಿ, ಸಾಸ್ಕ್ವಾಚ್‌ನ ಇನ್ನೊಂದು ಹೆಸರಾದ 'ಬಿಗ್‌ಫುಟ್' ಅನ್ನು ಮನೆಮಾತು ಮಾಡಿದ 16 ಇಂಚಿನ ಗುರುತುಗಳ ಬಗ್ಗೆ, ಗುತ್ತಿಗೆದಾರ ರೇ ವ್ಯಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ ಮನೆಯವರು ಕೆತ್ತಿದ ಮರದ ಪಾದಗಳನ್ನೇ ತೋರಿಸಿದರು.

ಕೂದಲು ಸಿಕ್ಕರೆ ಗ್ಲೌಸ್ ಹಾಕಿ ಕಾಗದದ ಕವರ್‌ಗೆ ಹಾಕಿ. ಪ್ಲಾಸ್ಟಿಕ್‌ನಲ್ಲಿ ತೇವ ಕೂತು ಬೂಷ್ಟು ಹಿಡಿಯುತ್ತದೆ. ಹೆಚ್ಚು ಆಸೆ ಬೇಡ: ಸಾಸ್ಕ್ವಾಚ್‌ನದಿರಬಹುದು ಅಂತ ಕಳಿಸಿದ್ದ ಕೂದಲಿಗೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 1977ರಲ್ಲಿ ಕೊಟ್ಟ ಉತ್ತರ ಜಿಂಕೆ ಜಾತಿಯ ಕೂದಲು ಅಂತ.

ಜೊತೆಯಲ್ಲಿ ಇನ್ಯಾರಾದರೂ ಇದ್ದರೆ ಇವತ್ತೇ ಬೇರೆಬೇರೆ ಕೂರಿಸಿ ಬರೆಸಿ: ಹೊತ್ತು, ಬೆಳಕು, ದೂರ, ಎಷ್ಟು ಸೆಕೆಂಡ್, ಕಿವಿ ಕಂಡಿತಾ, ಮೂತಿ ಚಾಚಿತ್ತಾ. ಮತ್ತೆ ಆ ಜಾಗಕ್ಕೆ ಹೋಗುವಾಗ ಬೇರ್ ಸ್ಪ್ರೇ (ಕರಡಿ ಓಡಿಸುವ ಖಾರದ ಸ್ಪ್ರೇ) ಸೊಂಟದಲ್ಲಿರಲಿ, ಬ್ಯಾಗಿನೊಳಗಲ್ಲ.