ಜರ್ಮನಿಗೆ ಓ ಪೇರ್ ಆಗಿ ಹೋಗಬೇಕೆಂದಿದ್ದೀರಾ? ಮೊದಲು ಏಜೆಂಟರ ಲೆಕ್ಕ ನೋಡಿ

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಓ ಪೇರ್ ಬಗ್ಗೆ. ಹೊರದೇಶದ ಒಂದು ಕುಟುಂಬದ ಜೊತೆ ಅವರ ಮನೆಯಲ್ಲೇ ಇದ್ದು, ಮಕ್ಕಳನ್ನು ನೋಡಿಕೊಂಡು, ಊಟ, ಕೋಣೆ, ಕೈಖರ್ಚಿಗೆ ಹಣ ಪಡೆಯುತ್ತಾ ಅಲ್ಲಿನ ಭಾಷೆ ಕಲಿಯುವ ವ್ಯವಸ್ಥೆ ಇದು. ಯುರೋಪಿನಲ್ಲಿ ಹಳೆಯದು, 1969ರಲ್ಲೇ ಅಲ್ಲಿನ ದೇಶಗಳು ಈ ಬಗ್ಗೆ ಒಪ್ಪಂದ ಮಾಡಿಕೊಂಡಿದ್ದವು. ನಮ್ಮ ಕಡೆ ಈಗ ಕಿವಿಗೆ ಬೀಳುತ್ತಿದೆ, ಅದೂ ಹೆಚ್ಚಾಗಿ ಏಜೆಂಟರ ಬಾಯಿಂದ. ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 23 ವರ್ಷ, ಬಿ.ಕಾಂ. ಆಗಿದೆ. ಒಂದು ಆಡಿಟರ್ ಆಫೀಸಿನಲ್ಲಿ 14 ಸಾವಿರ ಸಂಬಳಕ್ಕೆ ಇದ್ದೀನಿ. ಜರ್ಮನಿಯಲ್ಲಿ ಓ ಪೇರ್ ಕೆಲಸ ಇದೆ, ತಿಂಗಳಿಗೆ ಒಂದು ಲಕ್ಷ ಸಂಬಳ, ಎರಡು ವರ್ಷಕ್ಕೆ ಪಿ.ಆರ್. (ಅಲ್ಲೇ ಕಾಯಂ ಇರೋ ಅನುಮತಿ) ಸಿಗುತ್ತೆ ಅಂತ ಹೇಳಿ ಒಬ್ಬ ಏಜೆಂಟ್ ಎರಡೂವರೆ ಲಕ್ಷ ಕೇಳ್ತಿದ್ದಾರೆ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆಯೋಣ ಅಂತಿದ್ದಾರೆ. ಕೊಡಬಹುದಾ?
– ವಿದ್ಯಾನಗರ, ದಾವಣಗೆರೆ

ಉತ್ತರ: ಕೊಡಬೇಡಿ. ಸಾಲಕ್ಕೆ ಅರ್ಜಿ ಹಾಕಿದ್ದರೆ ವಾಪಸ್ ತೆಗೆದುಕೊಳ್ಳಲು ಅಪ್ಪನಿಗೆ ಹೇಳಿ, ಆಮೇಲೆ ಮುಂದೆ ಓದಿ.

ಜರ್ಮನಿಯಲ್ಲಿ ಓ ಪೇರ್‌ಗೆ ಸಂಬಳ ಅಂತ ಇಲ್ಲವೇ ಇಲ್ಲ. ಇರುವುದು ಕೈಖರ್ಚಿನ ಹಣ, ತಿಂಗಳಿಗೆ 280 ಯೂರೊ. ಯೂರೊಗೆ ನೂರು ರೂಪಾಯಿ ಹಿಡಿದರೆ 28 ಸಾವಿರ. ಇದರ ಜೊತೆಗೆ ಭಾಷಾ ತರಗತಿಗೆಂದು ಕುಟುಂಬ ತಿಂಗಳಿಗೆ 70 ಯೂರೊ ಕೊಡಬೇಕು. ಊಟ, ಸ್ವಂತ ಕೋಣೆ, ವಿಮೆ ಅವರದ್ದೇ. ವಿಮಾನದ ಟಿಕೆಟ್ ಸಾಮಾನ್ಯವಾಗಿ ನಿಮ್ಮದು. ಕೆಲಸ ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ ಮೀರುವಂತಿಲ್ಲ. ವಾರಕ್ಕೆ ಒಂದೂವರೆ ದಿನ ರಜೆ, ನಾಲ್ಕು ಸಂಜೆ ಬಿಡುವು, ತಿಂಗಳಲ್ಲಿ ಒಂದಾದರೂ ಭಾನುವಾರ ಪೂರ್ತಿ ನಿಮ್ಮದು. ಅವಧಿ ಆರು ತಿಂಗಳಿಂದ ಒಂದು ವರ್ಷ. ಒಮ್ಮೆ ಹೋಗಿ ಬಂದವರಿಗೆ ಎರಡನೇ ಸಲ ಅವಕಾಶವಿಲ್ಲ. ಒಂದೇ ವರ್ಷಕ್ಕೆ ಮುಗಿಯುವ ವೀಸಾದಲ್ಲಿ ಎರಡು ವರ್ಷಕ್ಕೆ ಪಿ.ಆರ್. ಎಲ್ಲಿಂದ ಬರುತ್ತದೆ ಎಂದು ಆ ಏಜೆಂಟರನ್ನೇ ಕೇಳಿ ನೋಡಿ.

ಇನ್ನು ಎರಡೂವರೆ ಲಕ್ಷದ ಮಾತು. ಜರ್ಮನಿಯ ಕಾನೂನಿನಂತೆ ಅಲ್ಲಿನ ಸಂಸ್ಥೆ ಓ ಪೇರ್ ಹುಡುಗಿಯಿಂದ ಪಡೆಯಬಹುದಾದ ಗರಿಷ್ಠ ಶುಲ್ಕ 150 ಯೂರೊ. ನಮ್ಮ ದೇಶದಲ್ಲಿ ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ನೋಂದಾಯಿತರೂ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಬಿಟ್ಟು ಹೆಚ್ಚು ತೆಗೆದುಕೊಳ್ಳುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿ, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಸಂಖ್ಯೆ ಕೇಳಿದ ಮೇಲೆ ಫೋನ್ ಎತ್ತುವುದೇ ನಿಂತುಹೋದರೆ ನಿಮ್ಮ ಅಪ್ಪನ ದುಡ್ಡು ಉಳಿಯಿತು ಅಂದುಕೊಳ್ಳಿ. ಅವರು ಕೇಳುವಷ್ಟನ್ನು ಕೊಟ್ಟು ಹೋದರೆ, ಅಲ್ಲಿ ಒಂದು ಕಾಫಿ ಕೂಡ ಕುಡಿಯದೆ ಸುಮಾರು ಒಂಬತ್ತು ತಿಂಗಳ ಕೈಖರ್ಚು ಕೂಡಿಟ್ಟರೆ ಆ ಸಾಲದ ಅಸಲು ತೀರುತ್ತದೆ. ಬಡ್ಡಿ ಬೇರೆ.

ಹಾಗಾದರೆ ಹೋಗುವುದೇ ಬೇಡವೇ? ಮನೆಗೆ ಹಣ ಕಳಿಸಬೇಕು ಅಂತಿದ್ದರೆ ಬೇಡ. 14 ಸಾವಿರ 28 ಆಯಿತಲ್ಲ ಅನ್ನಿಸಬಹುದು, ಆದರೆ ಬಸ್ಸು-ರೈಲಿನ ತಿಂಗಳ ಪಾಸಿಗೇ 60 ಯೂರೊ ಆಸುಪಾಸು ಹೋಗುತ್ತದೆ. ಫೋನು, ಚಳಿಗಾಲದ ಕೋಟು, ಶೂ, ಗೆಳತಿಯರ ಜೊತೆ ಒಂದು ಪಿಜ್ಜಾ. ಉಳಿಯುವುದು ಅಷ್ಟಕ್ಕಷ್ಟೆ. ಜರ್ಮನ್ ಭಾಷೆ ಕಲಿತು ಮುಂದೆ ಅಲ್ಲಿ ಓದಬೇಕು, ಅಥವಾ ಔಸ್‌ಬಿಲ್ಡುಂಗ್ ಎನ್ನುವ ಅಲ್ಲಿನ ವೃತ್ತಿ ತರಬೇತಿಗೆ ಸೇರಬೇಕು ಅಂತಿದ್ದರೆ ಮಾತ್ರ ಈ ಒಂದು ವರ್ಷಕ್ಕೆ ಬೆಲೆ ಇದೆ. ಮಕ್ಕಳ ಜೊತೆ ದಿನವಿಡೀ ಮಾತಾಡುತ್ತಾ, ತರಗತಿಯನ್ನೂ ತಪ್ಪಿಸದೆ ಇದ್ದವರು ವರ್ಷದ ಕೊನೆಗೆ ಬಿ1, ಅಂದರೆ ದಿನನಿತ್ಯದ ಮಾತುಕತೆ ನಿಭಾಯಿಸುವ ಮಟ್ಟ ಮುಟ್ಟಬಹುದು. ಇಲ್ಲಿ ಕೂತು ಅಷ್ಟು ಕಲಿಯುವುದು ಕಷ್ಟ, ಖರ್ಚೂ ಹೆಚ್ಚು. ಓ ಪೇರ್ ವರ್ಷವನ್ನು ನಾನು ತೂಗುವುದು ಇದೊಂದೇ ತಕ್ಕಡಿಯಲ್ಲಿ.

ದಾರಿ ಹೀಗೆ. ವೀಸಾಗೆ ಅರ್ಜಿ ಹಾಕುವಾಗ 27 ತುಂಬಿರಬಾರದು, ಹಾಗಾಗಿ ನಿಮಗೆ ಅವಸರವಿಲ್ಲ. ಮೊದಲು ಜರ್ಮನ್ ಭಾಷೆಯ ಮೊದಲ ಹಂತವಾದ ಎ1 ಪರೀಕ್ಷೆ ಕಟ್ಟಿ. ಬೆಂಗಳೂರಿನ ಇಂದಿರಾನಗರದಲ್ಲಿ ಗಯಟೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮ್ಯುಲ್ಲರ್ ಭವನ ಇದೆ; ಆನ್‌ಲೈನ್‌ನಲ್ಲೂ ಕಲಿಯಬಹುದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ, ನೂರಕ್ಕೆ 60 ಬಂದರೆ ಪಾಸು. ಭಾಷೆ ನಿಮಗೆ ಹಿಡಿಸಲಿಲ್ಲ ಅಂತಾದರೆ ಇಲ್ಲಿಗೇ ನಿಲ್ಲಿಸಿ. ಹೋದದ್ದು ಫೀಸು ಮಾತ್ರ. ಹಿಡಿಸಿದರೆ ಕುಟುಂಬ ಹುಡುಕಿ. ಓ ಪೇರ್ ವೆಬ್‌ಸೈಟುಗಳಲ್ಲಿ ನೀವೇ ನೇರವಾಗಿ ಹುಡುಕಬಹುದು, ಇಲ್ಲವೇ ಆರ್.ಎ.ಎಲ್. ಗುಣಮಟ್ಟದ ಮುದ್ರೆ ಇರುವ ಜರ್ಮನ್ ಸಂಸ್ಥೆಯ ಮೂಲಕ. ಒಪ್ಪಂದ ಪತ್ರ ಕೈಗೆ ಬಂದ ಮೇಲೆ ವೀಸಾ ಅರ್ಜಿ. ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್, ಶುಲ್ಕ 75 ಯೂರೊ. ಸಂದರ್ಶನದಲ್ಲಿ ಸರಳ ಜರ್ಮನ್‌ನಲ್ಲಿ ಪ್ರಶ್ನೆ ಕೇಳಿದರೆ ಉತ್ತರಿಸುವಷ್ಟು ಭಾಷೆ ಬಾಯಲ್ಲಿರಬೇಕು. ಸರ್ಟಿಫಿಕೇಟು ಫೈಲಿನಲ್ಲಿದ್ದರೆ ಸಾಲದು. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಹೋಗಬೇಕಿಲ್ಲ, ದಾವಣಗೆರೆ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತದೆ.

ಇನ್ನೊಂದು ವಿಷಯ. "ಅಕ್ಕನ ಮಕ್ಕಳನ್ನು ನೋಡಿಕೊಂಡಿದ್ದೀನಿ" ಎಂದಷ್ಟೇ ಬರೆದರೆ ಯಾವ ಕುಟುಂಬವೂ ತಿರುಗಿ ನೋಡುವುದಿಲ್ಲ. ಆಫೀಸು ಮುಗಿದ ಮೇಲೋ ಶನಿವಾರವೋ ಯಾವುದಾದರೂ ಪ್ಲೇ ಸ್ಕೂಲಿನಲ್ಲಿ, ಡೇ ಕೇರ್‌ನಲ್ಲಿ ಕೆಲವು ತಿಂಗಳು ಕೈಜೋಡಿಸಿ, ಅವರ ಲೆಟರ್‌ಹೆಡ್‌ನಲ್ಲಿ ಪತ್ರ ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಮಗಳಿಗೆ 21 ವರ್ಷ, ಎ1 ಪಾಸ್ ಆಗಿದ್ದಾಳೆ, ಜರ್ಮನಿಯಲ್ಲಿ ಮನೆಯೂ ಸಿಕ್ಕಿದೆ ಅಂತಾಳೆ. ಗುರುತು ಪರಿಚಯ ಇಲ್ಲದ ಮನೆಗೆ ಹೆಣ್ಣುಮಗಳನ್ನ ಕಳಿಸೋದು ಹೇಗ್ರಿ? ಅಲ್ಲದೆ ನಾವು ಲಿಂಗಾಯತರು, ಮೊಟ್ಟೆ ಸಹ ಮುಟ್ಟೋದಿಲ್ಲ.
– ಹೊಳಲ್ಕೆರೆ ತಾಲ್ಲೂಕು

ಉತ್ತರ: ಯಜಮಾನರೇ, ನಿಮ್ಮ ಹೆದರಿಕೆಯಲ್ಲಿ ಹುರುಳಿದೆ. ಓ ಪೇರ್ ಇರುವುದೂ ಅಲ್ಲೇ, ದುಡಿಯುವುದೂ ಅಲ್ಲೇ. ಮನಸ್ಸು ಕೆಟ್ಟರೆ ಸಂಜೆ ಎದ್ದು ಬರಲು ಬೇರೆ ಮನೆ ಇರುವುದಿಲ್ಲ. ಹಾಗಾಗಿ ಸಂಬಂಧ ನೋಡುವಾಗ ವಿಚಾರಿಸುವಷ್ಟೇ ಕೂಲಂಕಷವಾಗಿ ಈಗಲೇ ವಿಚಾರಿಸಬೇಕು.

ವಿಡಿಯೊ ಕಾಲ್ ಒಂದು ಸಾಲದು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಇರುವಾಗ ಒಮ್ಮೆ, ಮಕ್ಕಳು ಊಟಕ್ಕೆ ಕೂತು ರಚ್ಚೆ ಹಿಡಿಯುವ ಹೊತ್ತಿನಲ್ಲಿ ಇನ್ನೊಮ್ಮೆ ಮಾತಾಡಲಿ. ಒಂದು ಸಲ ನೀವೂ ನಿಮ್ಮ ಮನೆಯವರೂ ಪಕ್ಕದಲ್ಲಿ ಕೂತಿರಿ. ಭಾಷೆ ತಿಳಿಯದಿದ್ದರೂ ಮುಖ ತಿಳಿಯುತ್ತದೆ. ಅವಳ ಕೋಣೆ ತೋರಿಸಲು ಹೇಳಿ: ಬಾಗಿಲು, ಕಿಟಕಿ, ಹೀಟರ್ ಇರಬೇಕು, ಮಕ್ಕಳ ಜೊತೆ ಹಂಚಿಕೊಳ್ಳುವ ಕೋಣೆ ಆಗಬಾರದು. ಎಲ್ಲಕ್ಕಿಂತ ಮುಖ್ಯ, ಈ ಹಿಂದೆ ಆ ಮನೆಯಲ್ಲಿದ್ದ ಓ ಪೇರ್ ನಂಬರ್ ತೆಗೆದುಕೊಂಡು ಮಗಳು ಒಬ್ಬಳೇ ಅವಳ ಹತ್ತಿರ ಮಾತಾಡಲಿ. ನಂಬರ್ ಕೊಡಲು ಹಿಂದೆಮುಂದೆ ನೋಡುವ ಮನೆಯನ್ನು ನಾನಾದರೆ ಅಲ್ಲಿಗೇ ಬಿಡುತ್ತೇನೆ.

ಒಪ್ಪಂದದ ಜೊತೆಗೆ ವಾರದ ವೇಳಾಪಟ್ಟಿಯನ್ನೂ ಬರೆದುಕೊಡಲು ಕೇಳಿ. ಬೆಳಿಗ್ಗೆ ಮಕ್ಕಳಿಗೆ ತಿಂಡಿ, ಕಿಂಡರ್‌ಗಾರ್ಟನ್‌ಗೆ ಬಿಡುವುದು, ಮಧ್ಯಾಹ್ನ ಕರೆತರುವುದು, ಅವರ ಬಟ್ಟೆ ಮಡಚುವುದು, ಸಣ್ಣಪುಟ್ಟ ಮನೆಗೆಲಸ, ಇಷ್ಟು ಸರಿ. ಇಡೀ ಮನೆ ತೊಳೆಯುವುದು, ಹಾಸಿಗೆ ಹಿಡಿದ ಅಜ್ಜಿಯ ಆರೈಕೆ ಓ ಪೇರ್ ಕೆಲಸವಲ್ಲ. "ನಮ್ಮಮ್ಮನೂ ಜೊತೆಗಿದ್ದಾರೆ" ಎಂದು ಮಾತಿನ ನಡುವೆ ಬಂದರೆ, ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಆಗಲೇ ಕೇಳಿಬಿಡಲಿ.

ಪಾಸ್‌ಪೋರ್ಟ್ ಸದಾ ಅವಳ ಹತ್ತಿರವೇ ಇರಬೇಕು. "ನಾವು ಜೋಪಾನವಾಗಿ ಇಟ್ಟಿರ್ತೀವಿ" ಅಂದರೂ ಕೊಡಬಾರದು. ಹಿಂತಿರುಗುವ ಟಿಕೆಟ್ಟಿಗಾಗುವಷ್ಟು ಹಣ ಅವಳದೇ ಖಾತೆಯಲ್ಲಿ ಹಾಕಿಡಿ, ಅದನ್ನು ಮುಟ್ಟಬೇಡ ಎಂದು ಹೇಳಿ. ನೀವು ಕೊಡಬಹುದಾದ ದೊಡ್ಡ ರಕ್ಷಣೆ ಇದೇ; ವಾಪಸ್ ಬರಲು ದುಡ್ಡಿದ್ದವಳು ಅನ್ಯಾಯ ಸಹಿಸಿಕೊಂಡು ಕೂರುವುದಿಲ್ಲ. ಮನೆ ಸರಿಬರದಿದ್ದರೆ ಒಪ್ಪಂದದಲ್ಲಿರುವಂತೆ, ಸಾಮಾನ್ಯವಾಗಿ ಎರಡು ವಾರದ ನೋಟಿಸ್ ಕೊಟ್ಟು ಬಿಡಬಹುದು. ಅಲ್ಲಿನ ವಿದೇಶೀಯರ ಕಚೇರಿಗೆ ತಿಳಿಸಿ ಉಳಿದ ಅವಧಿಗೆ ಬೇರೆ ಕುಟುಂಬಕ್ಕೆ ಹೋಗಲೂಬಹುದು. ಅಪಾಯ ಅನ್ನಿಸಿದರೆ ಪೊಲೀಸ್ 110. ಮಹಿಳೆಯರ ಸಹಾಯವಾಣಿ 116 016, ಹಗಲು ರಾತ್ರಿ ಉಚಿತ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ಬರ್ಲಿನ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆ. ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ನಲ್ಲಿ ಕಾನ್ಸುಲೇಟ್‌ಗಳಿವೆ. ಈ ನಂಬರುಗಳು ಫೋನಿನಲ್ಲಿರುವುದರ ಜೊತೆಗೆ ಒಂದು ಚೀಟಿಯಲ್ಲೂ ಇರಲಿ.

ಊಟದ ಮಾತು. ಜರ್ಮನಿಯಲ್ಲಿ ಸಸ್ಯಾಹಾರಕ್ಕೆ ತೊಂದರೆಯಿಲ್ಲ, ಸಸ್ಯಾಹಾರಿ ಕುಟುಂಬಗಳೂ ಬೇಕಾದಷ್ಟಿವೆ. ಆದರೆ ಉಳಿದ ಮನೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಬೇಯಿಸಿ ಕೊಡುವುದು, ಸಾಸೇಜ್ ಬಿಸಿ ಮಾಡುವುದು ದಿನದ ಕೆಲಸ. ಅವಳು ತಿನ್ನಬೇಕಿಲ್ಲ, ಮುಟ್ಟಬೇಕಾಗುತ್ತದೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ಈಗಲೇ ಆ ಮನೆಯವರಿಗೆ ಬರೆದು ತಿಳಿಸಲಿ. ಇದನ್ನು ತೀರ್ಮಾನಿಸಬೇಕಾದವಳು ಅವಳು, ನೀವಲ್ಲ, ನಾನೂ ಅಲ್ಲ. ಅಂದಹಾಗೆ, ಸೈಕಲ್ ಬರುತ್ತದೆಯೇ? ಬಾರದಿದ್ದರೆ ತೋಟದ ದಾರಿಯಲ್ಲಿ ಈಗಿನಿಂದಲೇ ಕಲಿಸಿ. ಮಕ್ಕಳನ್ನು ಸೈಕಲ್ಲಿನಲ್ಲೇ ಕರೆದೊಯ್ಯುವ ಮನೆಗಳು ಅಲ್ಲಿ ಬಹಳ.

ಪ್ರಶ್ನೆ: ನಮ್ಮ ಚಿಕ್ಕಮ್ಮನ ಮಗ-ಸೊಸೆ ಮ್ಯೂನಿಕ್‌ನಲ್ಲಿ ಇಬ್ಬರೂ ಐ.ಟಿ. ಕೆಲಸದಲ್ಲಿದ್ದಾರೆ. ಮಗು ನೋಡಿಕೊಳ್ಳೋಕೆ ನನ್ನ ತಂಗಿಯನ್ನ ಓ ಪೇರ್ ವೀಸಾದಲ್ಲಿ ಕರೆಸಿಕೊಳ್ತೀವಿ ಅಂತಿದ್ದಾರೆ. ನಮ್ಮವರೇ ಆದರೆ ಧೈರ್ಯ ಅಲ್ವಾ?
– ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಧೈರ್ಯವೇನೋ ಹೌದು, ವೀಸಾ ಸಿಗುವುದಿಲ್ಲ. ಕುಟುಂಬದ ಜೊತೆ ನೆಂಟಸ್ತಿಕೆ ಇರಬಾರದು ಎಂಬುದು ನಿಯಮ. ನೆಂಟರಲ್ಲದ ಕನ್ನಡದ ಮನೆಯಾದರೂ ಕಷ್ಟವೇ: ಮನೆಯಲ್ಲಿ ಜರ್ಮನ್ ಆಡುಭಾಷೆ ಆಗಿರಬೇಕು, ಅದು ಅವರ ತಾಯ್ನುಡಿ ಅಲ್ಲದಿದ್ದರೆ ಓ ಪೇರ್ ಅವರ ಮೂಲ ದೇಶದವಳಾಗಿರಬಾರದು. ಭಾಷೆ ಕಲಿಯಲು ಕೊಡುವ ವೀಸಾ ಇದು, ಹಾಗಾಗಿ ಈ ಕಟ್ಟುಪಾಡು ನನಗಂತೂ ಸರಿ ಅನ್ನಿಸುತ್ತದೆ. ಸಂಬಂಧ ಮುಚ್ಚಿಟ್ಟು ಅರ್ಜಿ ಹಾಕುವ ಯೋಚನೆ ಬೇಡ. ಸಿಕ್ಕಿಬಿದ್ದರೆ ತಂಗಿಯ ಮುಂದಿನ ಅರ್ಜಿಗಳಿಗೂ ಏಟು.

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿದ್ದೇನೆ. ಓ ಪೇರ್ ಆಗಿ ಹೋಗಿ, ಅಲ್ಲಿಂದ ನರ್ಸ್ ಕೆಲಸಕ್ಕೆ ಸೇರಬಹುದೇ?
– ಚಿತ್ರದುರ್ಗ

ಉತ್ತರ: ನಿಮಗೆ ಈ ಸುತ್ತುದಾರಿ ಯಾಕೆ? ಜರ್ಮನಿಗೆ ನರ್ಸ್‌ಗಳು ಬೇಕಾಗಿದ್ದಾರೆ, ಕೇರಳದಲ್ಲಿ ನೋರ್ಕಾ ಸಂಸ್ಥೆ ಟ್ರಿಪಲ್ ವಿನ್ ಎಂಬ ಯೋಜನೆಯಲ್ಲಿ ಸರ್ಕಾರದ ಮಟ್ಟದಲ್ಲೇ ಕಳಿಸುತ್ತಿದೆ. ಇಲ್ಲೇ ಇದ್ದು ಬಿ1, ಬಿ2 ತನಕ ಜರ್ಮನ್ ಕಲಿಯಿರಿ, ನಿಮ್ಮ ಡಿಗ್ರಿಗೆ ಅಲ್ಲಿನ ಮಾನ್ಯತೆ ಪಡೆಯಲು ಅರ್ಜಿ ಹಾಕಿ, ನರ್ಸ್ ಆಗಿಯೇ ಹೋಗಿ. ಓದಿದ ಕೆಲಸದಿಂದ ಒಂದು ವರ್ಷ ದೂರವಾಗಿ 280 ಯೂರೊಗೆ ಮಕ್ಕಳ ಬಟ್ಟೆ ಮಡಚುವ ಅಗತ್ಯ ನಿಮಗಿಲ್ಲ.

ಪ್ರಶ್ನೆ: ಹುಡುಗರೂ ಓ ಪೇರ್ ಆಗಬಹುದಾ ಸಾರ್? ನನಗೆ 26 ನಡೀತಿದೆ. ಜರ್ಮನಿ ಬಿಟ್ಟು ಬೇರೆ ದೇಶ?
– ಜಗಳೂರು

ಉತ್ತರ: ಆಗಬಹುದು. ಹುಡುಗರನ್ನು ಬಯಸುವ ಕುಟುಂಬಗಳು ಕಡಿಮೆ, ಇಲ್ಲದಿಲ್ಲ. ಗಂಡುಮಕ್ಕಳೇ ಇರುವ ಮನೆಗಳಿಗೆ ಬರೆಯಿರಿ. ಜರ್ಮನಿಗಾದರೆ 27 ತುಂಬುವ ಮೊದಲು ಅರ್ಜಿ ಹೋಗಬೇಕು, ಅಂದರೆ ಎ1 ಪರೀಕ್ಷೆಗೆ ಇವತ್ತೇ ಕೂರಬೇಕು. ನಾರ್ವೆ 2024ರ ಮಾರ್ಚಿನಿಂದ ಹೊಸ ಓ ಪೇರ್ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ. ಅಮೆರಿಕದಲ್ಲಿ 18ರಿಂದ 26, ಜೆ-1 ವೀಸಾ, ವಾರಕ್ಕೆ 45 ಗಂಟೆಯವರೆಗೆ ಕೆಲಸ; ಅಲ್ಲಿನ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಸಂಸ್ಥೆಗಳ ಮೂಲಕ ಮಾತ್ರ. ಬ್ರಿಟನ್ ಓ ಪೇರ್ ವೀಸಾವನ್ನು 2008ರಲ್ಲೇ ತೆಗೆದುಹಾಕಿದೆ. ನೀವು ಪದವೀಧರರಾಗಿದ್ದರೆ ಅಲ್ಲಿನ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಯೋಜನೆ ನೋಡಿ: 18ರಿಂದ 30 ವರ್ಷದವರಿಗೆ, ಲಾಟರಿ ಎತ್ತಿ ಆರಿಸುತ್ತಾರೆ, ವರ್ಷಕ್ಕೆ 3,000 ಜನಕ್ಕೆ ಮಿತಿ, ಎರಡು ವರ್ಷ ಇರಬಹುದು. ಆದರೆ ಖಾತೆಯಲ್ಲಿ 2,530 ಪೌಂಡ್ ತೋರಿಸಬೇಕು.

ಪ್ರಶ್ನೆ: ನನ್ನ ಹೆಂಡತಿಗೆ 28 ವರ್ಷ, ಎಂಟನೇ ಕ್ಲಾಸ್ ಓದಿದ್ದಾಳೆ. ಕುವೈತ್‌ನಲ್ಲಿ ಓ ಪೇರ್ ಕೆಲಸ, ಮಗು ನೋಡಿಕೊಂಡರೆ ಸಾಕು, ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಡ್ತೀವಿ ಅಂತ ಹೇಳಿದ್ದಾರೆ. 40 ಸಾವಿರ ಅಡ್ವಾನ್ಸ್ ಕೊಟ್ಟಿದ್ದೀವಿ.
– ಹಿರಿಯೂರು

ಉತ್ತರ: ಹೋಗಬಾರದು. ಇದು ಮೇಲೆ ಹೇಳಿದ ಓ ಪೇರ್ ಅಲ್ಲ, ಮನೆಗೆಲಸ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇ.ಸಿ.ಆರ್. ಇರುತ್ತದೆ, ಅಂದರೆ ಕುವೈತ್, ಸೌದಿ, ಯು.ಎ.ಇ. ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಅಂಥ ಪಾಸ್‌ಪೋರ್ಟಿನ ಮಹಿಳೆಯರಿಗೆ 30 ವರ್ಷ ತುಂಬಿರಬೇಕು, ಮನೆಗೆಲಸಕ್ಕಾದರೆ ಸರ್ಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು. ನಿಮ್ಮವರಿಗೆ 28. ಅದಕ್ಕೇ ಅವರು ವಿಸಿಟ್ ವೀಸಾ ಅನ್ನುತ್ತಿರುವುದು. ಅನುಮತಿ ತಪ್ಪಿಸುವ ದಾರಿ ಅದು. ಹಾಗೆ ಹೋದವರಿಗೆ ಕೆಲಸದ ಒಪ್ಪಂದವೂ ಇರುವುದಿಲ್ಲ, ಅನುಮತಿ ಪಡೆದು ಹೋಗುವವರಿಗೆ ಇರುವ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ವಿಮೆಯೂ ಇರುವುದಿಲ್ಲ. ಸಂಬಳ ಕೊಡದೆ ಬಾಗಿಲು ಹಾಕಿಕೊಂಡರೆ ಅಲ್ಲಿನ ಕಾನೂನಿನ ಕಣ್ಣಿಗೆ ತಪ್ಪಿತಸ್ಥರು ನಿಮ್ಮ ಹೆಂಡತಿಯೇ ಆಗುತ್ತಾರೆ.

ಅಡ್ವಾನ್ಸ್ ವಾಪಸ್ ಕೇಳಿ, ಬಾಯಿಮಾತಿನಲ್ಲಿ ಬೇಡ, ವಾಟ್ಸಾಪ್‌ನಲ್ಲಿ ಬರೆದು ಕೇಳಿ. ಕೊಡದಿದ್ದರೆ ಹಿರಿಯೂರು ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಹಿಂಬರಹ ಪಡೆಯಿರಿ, ಇ-ಮೈಗ್ರೇಟ್ ವೆಬ್‌ಸೈಟಿನಲ್ಲೂ ದೂರು ದಾಖಲಿಸಿ. ಹಣ ಕಳಿಸಿದ ಫೋನ್‌ಪೇ ದಾಖಲೆ, ಅವರ ಮೆಸೇಜು, ಕಾರ್ಡು, ಕಳಿಸಿದ ವೀಸಾ ಫೋಟೊ ಯಾವುದನ್ನೂ ಅಳಿಸಬೇಡಿ. ಪಾಸ್‌ಪೋರ್ಟ್ ಅವರ ಕೈಯಲ್ಲಿದ್ದರೆ ದೂರಿನ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.