ಕರುಳಿನ ಬ್ಯಾಕ್ಟೀರಿಯಾ ಮತ್ತು ಮನಸ್ಸು

ಪ್ರಶ್ನೆ: ಮನಸ್ಥಿತಿಯ ಮೇಲೆ ಪ್ರಭಾವ ಬೀರುವ ಸೆರೊಟೋನಿನ್ ಎಂಬ ರಾಸಾಯನಿಕ ಕರುಳಿನಲ್ಲೇ ತಯಾರಾಗುತ್ತದಂತೆ. ಹಾಗಾದರೆ ಪ್ರೊಬಯಾಟಿಕ್ (ಉಪಕಾರಿ ಬ್ಯಾಕ್ಟೀರಿಯಾಗಳಿರುವ) ಮಾತ್ರೆಯಿಂದ ಖಿನ್ನತೆ ಹೋಗುತ್ತದೆಯೇ? ನಾರಿನಂಶ ಹೆಚ್ಚಿಸಿದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ, ಏನು ಮಾಡಲಿ?

ಉತ್ತರ: ದೇಹದ ಸುಮಾರು ಶೇ. 90ರಷ್ಟು ಸೆರೊಟೋನಿನ್ ಕರುಳಿನಲ್ಲಿ ಹುಟ್ಟುವುದು ನಿಜ. ಆದರೆ ಅದು ರಕ್ತದಲ್ಲಿನ ಹಲವು ವಸ್ತುಗಳು ಮಿದುಳಿಗೆ ಹೋಗದಂತೆ ತಡೆಯುವ ರಕ್ತ-ಮಿದುಳಿನ ತಡೆಗೋಡೆ ದಾಟುವುದಿಲ್ಲ. ಜಾಹೀರಾತುಗಳು ಇದನ್ನು ಹೇಳುವುದಿಲ್ಲ ಬಿಡಿ. ಕರುಳಿನ ಸುದ್ದಿ ಮಿದುಳಿಗೆ ಮುಟ್ಟುವುದು ಮಿದುಳಿನಿಂದ ಹೊಟ್ಟೆಯವರೆಗೆ ಹಬ್ಬಿರುವ ವೇಗಸ್ ನರ, ರೋಗನಿರೋಧಕ ಕಣಗಳು, ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಕೊಡುವ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲಗಳ ಮೂಲಕ. ಪ್ರೊಬಯಾಟಿಕ್ ನಂಬಿ ಖಿನ್ನತೆಯ ಔಷಧಿ ನಿಲ್ಲಿಸಬೇಡಿ.

ಉಬ್ಬರಕ್ಕೆ ಕಾರಣ ಅವಸರ. ನಾರು ಒಮ್ಮೆಲೇ ಹೆಚ್ಚಿದರೆ ಹುದುಗುವಾಗ ಹುಟ್ಟುವ ಅನಿಲವೂ ಹೆಚ್ಚುತ್ತದೆ. ದಿನದ ಪ್ರಮಾಣವನ್ನು ವಾರಕ್ಕೆ 5 ಗ್ರಾಂನಷ್ಟೇ ಏರಿಸುತ್ತ 25–30 ಗ್ರಾಂ ತಲುಪಿ. ನೀರೂ ಹೆಚ್ಚಲಿ, ಇಲ್ಲದಿದ್ದರೆ ಮಲಬದ್ಧತೆಯಾಗಬಹುದು. ಮಲದಲ್ಲಿ ರಕ್ತ ಕಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.